ಕಾರ್ಯದರ್ಶಿಯ ಫೋನು

ಸವಣೂರಿನಂತಹ ಊರಲ್ಲಿ ಫೋನಿನ ಸುರಕ್ಷತೆಯ ಮಾತೆತ್ತಿದರೆ "ನಮ್ಮ ಫೋನಿನಲ್ಲಿ ಕದಿಯಲು ಏನಿದೆ?" ಎನ್ನುವವರೇ ಹೆಚ್ಚು. ಪಂಚಾಯತ್ ಸದಸ್ಯರು, ಪತ್ರಿಕೆಗೆ ಸುದ್ದಿ ಕಳಿಸುವ ಯುವಕರು, ಜಮಾಅತಿನ ಕಾರ್ಯದರ್ಶಿ, ಇವರ ಮನೆಗಳಲ್ಲೂ ಇದೇ ಮಾತು. ಬೇಹುಗಾರಿಕೆಯೆಲ್ಲ ದೊಡ್ಡವರ ತಲೆನೋವು ಎಂದು ನಾವು ಭಾವಿಸಿದ್ದೇವೆ. ನಮ್ಮ ರಾಜ್ಯದ್ದೇ ಒಂದು ಪ್ರಕರಣ ಬೇರೆ ಕಥೆ ಹೇಳುತ್ತದೆ.

2019ರ ಜುಲೈಯಲ್ಲಿ ಕಾಂಗ್ರೆಸ್-ಜೆಡಿಎಸ್ ಸರಕಾರ ಬಿತ್ತು. ಎರಡು ವರ್ಷಗಳ ಬಳಿಕ, ಇಸ್ರೇಲಿನ ಪೆಗಾಸಸ್ ತಂತ್ರಾಂಶದ ಗುರಿಯಾಗಿದ್ದಿರಬಹುದಾದ ಫೋನ್ ಸಂಖ್ಯೆಗಳ ಪಟ್ಟಿಯೊಂದು ಹೊರಬಂತು. ದಿ ವೈರ್ ವರದಿಯಂತೆ ಅದರಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆ ಇತ್ತು. ಆದರೆ ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ವಿಷಯದಲ್ಲಿ ಕಂಡದ್ದು ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳು. ದೇವೇಗೌಡರ ಭದ್ರತಾ ಸಿಬ್ಬಂದಿಯೊಬ್ಬರದೂ ಇತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿನೊಳಗೆ ನುಗ್ಗಿದ್ದಾರೆ ಎಂದು ಹೇಳಲಾಗದು. ಸುಪ್ರೀಂ ಕೋರ್ಟ್ ನೇಮಿಸಿದ ತಾಂತ್ರಿಕ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ 5ರಲ್ಲಿ ದುಷ್ಟ ತಂತ್ರಾಂಶ ಕಂಡಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಿ ಹೇಳಲಿಲ್ಲ. ಅದರ ಮೇಲ್ವಿಚಾರಣೆ ನಡೆಸಿದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್.

ನಮಗೆ ಮುಖ್ಯವಾದುದು ಆ ಕಾರ್ಯದರ್ಶಿಗಳು. ನಾಯಕನ ಮಾತು, ಭೇಟಿ, ಪ್ರಯಾಣ ಎಲ್ಲವೂ ಪಕ್ಕದವನ ಫೋನಿನಲ್ಲಿರುತ್ತದೆ. ಹಾಗೆಯೇ ವರದಿಗಾರನಿಗೆ ಸುದ್ದಿ ಕೊಟ್ಟವರ ಹೆಸರು, ಮನೆಯಲ್ಲಿ ಮಗು ಆಟಕ್ಕೆ ಬಳಸುವ ಅದೇ ಫೋನಿನಲ್ಲಿರುತ್ತದೆ.

ಪೆಗಾಸಸ್ಸಿಗೆ ಯಾವ ಲಿಂಕನ್ನೂ ಒತ್ತಬೇಕಾಗಿಲ್ಲ. 2019ರಲ್ಲಿ ವಾಟ್ಸಾಪ್ ವಿಡಿಯೊ ಕರೆಯೊಂದರ ಮೂಲಕವೇ, ಸ್ವೀಕರಿಸದಿದ್ದರೂ, ಅದು ಸುಮಾರು 1,400 ಫೋನುಗಳ ಮೇಲೆ ದಾಳಿ ಮಾಡಿತ್ತು. ಅದಕ್ಕೆ ನಾವು ಮಾಡಬಹುದಾದುದು ಅಪ್‌ಡೇಟ್ ಬಂದಾಗ ಮುಂದೂಡದಿರುವುದು. ಐಫೋನ್ ಇದ್ದವರಿಗೆ ಲಾಕ್‌ಡೌನ್ ಮೋಡ್ ಎಂಬುದೊಂದಿದೆ. ಆದರೆ ಅಂತಹ ದುಬಾರಿ ಅಸ್ತ್ರವನ್ನು ನಮ್ಮೂರಿನವರ ಮೇಲೆ ಯಾರು ಖರ್ಚು ಮಾಡುತ್ತಾರೆ? ನಮ್ಮಲ್ಲಿ ಕಳ್ಳದಾರಿ ಇನ್ನೂ ಅಗ್ಗ. ಮದುವೆ ಕರೆಯೋಲೆಯೆಂದು ಬರುವ ಎಪಿಕೆ ಫೈಲ್. ಗಲ್ಫಿನಲ್ಲಿರುವ ಅಣ್ಣನ ನಂಬರಿನಿಂದಲೇ "ಆರು ಅಂಕಿಯ ಕೋಡ್ ಕಳಿಸು" ಎಂಬ ಸಂದೇಶ. ಎರಡು ನಿಮಿಷ ಫೋನ್ ಕೈಗೆ ಸಿಕ್ಕರೆ ನಿಮ್ಮ ವಾಟ್ಸಾಪನ್ನು ತನ್ನ ಕಂಪ್ಯೂಟರಿಗೆ ಜೋಡಿಸಿಕೊಳ್ಳುವವನು. ಇಂದೇ ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ನೋಡಿ, ಗುರುತಿಲ್ಲದ್ದನ್ನು ತೆಗೆದುಹಾಕಿ. ಎರಡು ಹಂತದ ಪರಿಶೀಲನೆಯ ಪಿನ್ ಹಾಕಿ. ಪಿನ್ ಮಗುವಿನ ಜನ್ಮ ದಿನಾಂಕ ಆಗದಿರಲಿ!

ಇತರರ ಗುಟ್ಟು ಕೆದಕುವುದನ್ನು ಸೂರಃ ಅಲ್‌ಹುಜುರಾತ್ ನಿಷೇಧಿಸಿದೆ. ಖುತುಬಾದಲ್ಲಿ ಇದನ್ನು ಕೇಳುತ್ತಲೇ ಇರುತ್ತೇವೆ. ಇನ್ನೊಬ್ಬರು ನಂಬಿ ಹೇಳಿದ್ದನ್ನು ಬೀಗವಿಲ್ಲದ ಫೋನಿನಲ್ಲಿ ಇಟ್ಟುಕೊಳ್ಳುವ ನಮ್ಮ ಅಭ್ಯಾಸದ ಬಗ್ಗೆ ಅಷ್ಟಾಗಿ ಮಾತಾಡುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. 2022ರ ಜನವರಿ 1ರಂದು ಬುಲ್ಲಿ ಬಾಯಿ ಎಂಬ ಆ್ಯಪ್ ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರ ಚಿತ್ರಗಳನ್ನು 'ಹರಾಜಿ'ಗಿಟ್ಟಿತು. ಅವರಲ್ಲಿ ಪತ್ರಕರ್ತೆಯರೂ ಹೋರಾಟಗಾರ್ತಿಯರೂ ಇದ್ದರು. ಬಂಧಿತರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಒಬ್ಬ. ಬಂಧನ ಸಾಧ್ಯವಾದದ್ದು ಆ ಮಹಿಳೆಯರು ಸುಮ್ಮನಿರದೆ ದೂರು ಕೊಟ್ಟದ್ದರಿಂದ. ಇಂಥದ್ದು ಮನೆಯ ಮಗಳಿಗಾದರೆ ನಮ್ಮ ಮೊದಲ ಮಾತು "ಫೋಟೊ ಯಾಕೆ ಹಾಕಿದೆ?" ಎಂದಾಗಿರುತ್ತದೆ, ಅವಳು ಹೆದರಿ ಎಲ್ಲವನ್ನೂ ಅಳಿಸಿಬಿಡುತ್ತಾಳೆ, ಅದರೊಂದಿಗೆ ಸಾಕ್ಷ್ಯವೂ ಹೋಗುತ್ತದೆ. ಬೆದರಿಕೆ ಬಂದರೆ ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸಿದವನ ಸಂಖ್ಯೆ ಅಥವಾ ಖಾತೆಯ ಹೆಸರು, ದಿನಾಂಕ, ಸಮಯ ಕಾಣುವಂತಿರಲಿ. ಬಳಿಕ ಹತ್ತಿರದ ಠಾಣೆಗೆ, ಇಲ್ಲವೇ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲಿಗೆ ದೂರು ಕೊಡಬಹುದು. ಅವಳ ಜೊತೆ ಮನೆಯವರೊಬ್ಬರು ಹೋಗಿ.