‘ಬಿಲೋ’ ಹಾಕೋದಾ, ‘ಅಂಡರ್’ ಹಾಕೋದಾ?

ಲ್ಯಾಬ್ ರೆಕಾರ್ಡ್ ಬರೆಯುವಾಗ ನಮ್ಮಲ್ಲಿ ಬಹಳ ಜನರಿಗೆ ಈ ಗೊಂದಲ ಬರುತ್ತೆ. ‘ಬಿಲೋ’, ‘ಅಂಡರ್’ ಎರಡಕ್ಕೂ ನಾವು ಶಾಲೆಯಲ್ಲಿ ಕಲಿತ ಅರ್ಥ ಒಂದೇ: ‘ಕೆಳಗೆ’. ಆದರೆ ಎರಡರ ವ್ಯತ್ಯಾಸ ತಿಳಿಯಲು ಕನ್ನಡವೇ ಸಾಕು. ನಮ್ಮಲ್ಲಿ ‘-ಗಿಂತ ಕೆಳಗೆ’ ಅಂತಲೂ ಇದೆ, ‘ಅಡಿ’ ಅಂತಲೂ ಇದೆ.

‘ಬಿಲೋ’ ಅಂದರೆ ಮಟ್ಟದ ಹೋಲಿಕೆ. ಒಂದು ಗೆರೆ ಇದೆ, ಅದಕ್ಕಿಂತ ಕೆಳಗಿದೆ, ಅಷ್ಟೇ. ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ನೀರು 120 ಅಡಿಯಲ್ಲಿದ್ದರೆ ಅದು ಗರಿಷ್ಠ ಮಟ್ಟಕ್ಕಿಂತ 4.80 ಅಡಿ ‘ಬಿಲೋ’. ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದರೆ ‘ಬಿಲೋ ಝೀರೋ’.

‘ಅಂಡರ್’ ಅಂದರೆ ಮೇಲೊಂದು ಇದೆ, ಅದರಡಿ ಇನ್ನೊಂದಿದೆ. ಮೇಲಿನದು ಕೆಳಗಿನದನ್ನು ಮುಚ್ಚಿರುತ್ತೆ, ಅಥವಾ ಅದರ ಮೇಲೆ ಭಾರ ಹೇರಿರುತ್ತೆ. ಬೆಂಗಳೂರಿನ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ನೆಲದಡಿ ಇದೆ, ಹಾಗಾಗಿ ‘ಅಂಡರ್‌ಗ್ರೌಂಡ್’. ಪೇಪರಿನಲ್ಲಿ ‘ಕಾಯ್ದೆಯಡಿ’, ‘ಯೋಜನೆಯಡಿ’ ಅಂತ ಓದ್ತೀವಲ್ಲ, ಇಂಗ್ಲಿಷಿನಲ್ಲೂ ಅಲ್ಲಿ ಬರೋದು ‘ಅಂಡರ್’. ನಮ್ಮ ‘ಅಂಡರ್ ಲೋಡ್’, ‘ಅಂಡರ್ ಪ್ರೆಶರ್’ ಕೂಡ ಇದೇ ಜಾತಿಯವು.

ಒಂದೇ ಜಾಗಕ್ಕೆ ಎರಡೂ ಬರಬಹುದು. ಸುರಂಗ ರಸ್ತೆಯ ‘ಅಂಡರ್’ ಹಾದುಹೋಗುತ್ತೆ. ಎಷ್ಟು ಆಳ ಅಂತ ಅಳೆದು ಹೇಳುವಾಗ ರಸ್ತೆ ಮಟ್ಟಕ್ಕಿಂತ ಇಷ್ಟು ಮೀಟರ್ ‘ಬಿಲೋ’ ಅನ್ನುತ್ತೇವೆ.

ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ವಯಸ್ಸು, ಬೆಲೆ, ಎಣಿಕೆಗಳಲ್ಲಿ ‘ಅಂಡರ್’ಗೆ ‘ಅದಕ್ಕಿಂತ ಕಡಿಮೆ’ ಅನ್ನೋ ಅರ್ಥವೂ ಇದೆ. ‘ಅಂಡರ್ 19’ ಕ್ರಿಕೆಟ್ ನಮಗೆಲ್ಲ ಗೊತ್ತು. ತೊಂದರೆ ಶುರುವಾಗೋದೇ ಇಲ್ಲಿ.

‘ಕೀಪ್ ದಿ ವೆಸೆಲ್ ಅಂಡರ್ 5 ಬಾರ್’ ಅಂತ ಪ್ರೊಸೀಜರ್‌ನಲ್ಲಿ ಬರೆದೆವು ಅಂದುಕೊಳ್ಳಿ. ಒಬ್ಬರು ಅದನ್ನು ‘5 ಬಾರ್ ಒತ್ತಡದಡಿ ಇಡಿ’ ಅಂತ ಓದಿ ಗೇಜ್ 5 ತೋರಿಸುವವರೆಗೆ ಒತ್ತಡ ಏರಿಸುತ್ತಾರೆ. ಇನ್ನೊಬ್ಬರು ‘5 ಬಾರ್‌ಗಿಂತ ಕಡಿಮೆ ಇರಲಿ’ ಅಂತ ಓದಿ 3ಕ್ಕೇ ನಿಲ್ಲಿಸುತ್ತಾರೆ. ವ್ಯಾಕರಣದ ಪ್ರಕಾರ ಇಬ್ಬರೂ ಸರಿ! ಆದರೆ 5 ಅನ್ನೋದು ಆ ಪಾತ್ರೆ ತಡೆಯುವ ಮಿತಿಯಾಗಿದ್ದರೆ?

ಅದಕ್ಕೇ ಅಂಕಿ ಇರುವ ಕಡೆ ಬರೀ ‘ಅಂಡರ್’ ಬೇಡ. ಮಿತಿ ಹೇಳಬೇಕಾದರೆ ‘ಬಿಲೋ 5 ಬಾರ್’, ಅಷ್ಟೇ ಒತ್ತಡ ಬೇಕಿದ್ದರೆ ‘ಅಟ್ 5 ಬಾರ್’ ಅಂತ ಬರೆಯೋಣ. ಅನುಮಾನ ಬಂದರೆ ಆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ ನೋಡಿ. ‘-ಗಿಂತ’ ಬಂದರೆ ‘ಬಿಲೋ’, ‘ಅಡಿ’ ಬಂದರೆ ‘ಅಂಡರ್’. ವಾಲ್ವ್ ಹಿಡಿದು ನಿಂತವರು ನಮ್ಮ ವಾಕ್ಯದ ಅರ್ಥ ಊಹಿಸುವಂತಾಗಬಾರದು.