ಹೊಲದ ತುಂಬ ಹಸಿರು, ಕೈ ಹಾಕೋಕೆ ಭಯ

ಬೇಸಿಗೆ ಬಂತು ಅಂದ್ರೆ ನಮ್ಮ ಟಿವಿಗಳಲ್ಲಿ ಹಣ್ಣಿನ ಸೀಸನ್ ಶುರು. ಮಾವು, ಹಲಸು, ರಾಶಿ ರಾಶಿ ಕಲ್ಲಂಗಡಿ. ಕ್ಯಾಮೆರಾಗೂ ಚೆಂದ, ನೋಡೋರಿಗೂ ಚೆಂದ. ಇದೇ ಲೆಕ್ಕ ಇಟ್ಟುಕೊಂಡು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೋಗಿ ನೋಡಿ, ಪೂರ್ತಿ ಉಲ್ಟಾ. ಅಲ್ಲಿ ಏಪ್ರಿಲ್-ಮೇ ಅಂದರೆ 40 ಡಿಗ್ರಿ ದಾಟುವ ಬಿಸಿಲು, ಖಾಲಿ ಹೊಲ. ಕಾಯಿಪಲ್ಯ ಬೇಕಂದ್ರೆ ಸಂತೆಯಲ್ಲಿ ದುಡ್ಡು ಕೊಟ್ಟೇ ತರಬೇಕು. ಆ ಭಾಗದ ಅಸಲಿ ಸೀಸನ್ ಇರೋದು ಚಳಿಗಾಲದಲ್ಲಿ.

ಕಾರಣ ಮಣ್ಣು. ಎರೆ ಭೂಮಿ ಮುಂಗಾರಿನ ಕೊನೆಯ ಮಳೆಯನ್ನು ಹೀರಿಕೊಂಡು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆ ಹಸಿಯ ಮೇಲೇ ಹಿಂಗಾರಿ ಜೋಳ, ಕಡಲೆ, ಕುಸುಬಿ ಏಳೋದು. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಹೂ ಬಿಟ್ಟು ಕಾಯಿ ಕಟ್ಟೋದೂ ಇದೇ ಹೊತ್ತಿಗೆ. ಮಳೆಗಾಲದಲ್ಲಿ ಪುಂಡಿಪಲ್ಯ, ಹೀರೇಕಾಯಿ, ಚವಳಿಕಾಯಿ ಆಯ್ತು; ದಸರಾ ಆಸುಪಾಸಿಗೆ ಸೀತಾಫಲ ಬಂತು. ಆಮೇಲಿನದೇ ಸುಗ್ಗಿ. ಎಳೆ ಕಡಲೆ ಸೊಪ್ಪು, ಕುಸುಬಿ ಸೊಪ್ಪು, ಹಸಿ ತೊಗರಿಕಾಯಿ, ಅವರೆ, ಸುಲಗಾಯಿ, ಬಾರಿಹಣ್ಣು, ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ. ಕಡಲೆಯ ಕುಡಿ ಚಿವುಟಿದರೆ ಮನೆಗೆ ಪಲ್ಯ ಸಿಗುತ್ತೆ, ಗಿಡಕ್ಕೂ ಕವಲು ಹೆಚ್ಚುತ್ತೆ. ಕೃಷಿ ತಜ್ಞರು ಇವತ್ತು ತೊಗರಿಗೂ ಕಡಲೆಗೂ ಕುಡಿ ಚಿವುಟಿ ಅಂತ ಹೇಳ್ತಾರಲ್ಲ, ಅಲ್ಲಿಯ ಹೆಣ್ಣುಮಕ್ಕಳು ಅದನ್ನು ಪಲ್ಯಕ್ಕೋಸ್ಕರ ಮಾಡ್ತಾನೇ ಬಂದಿದ್ದಾರೆ.

ಇದೆಲ್ಲ ಒಂದೇ ಪಾತ್ರೆಗೆ ಬೀಳೋ ದಿನ ಎಳ್ಳ ಅಮವಾಸ್ಯೆ. ಡಿಸೆಂಬರ್ ಕೊನೆ, ಇಲ್ಲಾ ಜನವರಿ ಮೊದಲಲ್ಲಿ ಬರುತ್ತೆ. ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಎಲ್ಲರೂ ಕೂತು ಸಜ್ಜೆ ರೊಟ್ಟಿ ಜೊತೆ ಭಜ್ಜಿ ಉಣ್ಣುತ್ತಾರೆ. ಬೆಂಗಳೂರಿನವರು ಎಣ್ಣೆಯಲ್ಲಿ ಕರಿದ ಬಜ್ಜಿ ಅಂದ್ಕೋಬೇಡಿ ಸ್ವಾಮಿ! ಹಸಿ ಕಾಳು, ಸೊಪ್ಪು, ಬದನೆಕಾಯಿ ಎಲ್ಲ ಸೇರಿಸಿ ಕುದಿಸಿದ ಪಲ್ಯ ಅದು. ಆ ಋತುವಿನಲ್ಲಿ ಹೊಲ ಕೊಟ್ಟಿದ್ದಷ್ಟೂ ಅದರಲ್ಲಿರುತ್ತೆ.

ನಾನು ಇವತ್ತು ಈ ವಿಷಯ ಎತ್ತಿದ್ದು ಹಬ್ಬದ ಅಡುಗೆ ತೋರಿಸೋಕಲ್ಲ. ಆ ಹೊಲದಲ್ಲಿ ಇವತ್ತು ಹಸಿರಿದೆ, ಆದರೆ ಕಿತ್ತು ತಿನ್ನಬಹುದಾ ಅನ್ನೋದೇ ಪ್ರಶ್ನೆ. ತೊಗರಿಯ ದೊಡ್ಡ ಶತ್ರು ಕಾಯಿಕೊರಕ ಹುಳು. ಅದು ಬರೋದು ಹೂವು, ಎಳೆಕಾಯಿ ಇರುವಾಗ. ಔಷಧಿ ಹೊಡೆಯೋದೂ ಆಗಲೇ. ಒಣಗಿದ ಕಾಳಾದರೆ ರಾಶಿ ಆಗೋವರೆಗೂ ತಾನಾಗೇ ದಿನ ಕಳೆಯುತ್ತೆ. ಹಸಿಕಾಯಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಮೊನ್ನೆ ಔಷಧಿ ಹೊಡೆದ ಹೊಲದಲ್ಲೇ ಇವತ್ತು ಮಕ್ಕಳು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡರೆ? ಕಡಲೆ ಸೊಪ್ಪಿನದೂ ಇದೇ ಕಥೆ.

ಔಷಧಿ ಹೊಡೆಯಲೇಬೇಡಿ ಅಂತ ಸ್ಟುಡಿಯೋದಲ್ಲಿ ಕೂತು ಹೇಳೋದು ಸುಲಭ. ಹುಳು ಬಿದ್ದರೆ ಇಡೀ ವರ್ಷದ ದುಡಿಮೆಯೇ ಹೋಗುತ್ತೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು, ಹೆಮ್ಮೆಯ ಮಾತೇ. ಬೇಳೆಯಾಗಿ ಊರು ಬಿಡೋ ತೊಗರಿಯ ಬಗ್ಗೆ ಎಲ್ಲರೂ ಮಾತಾಡ್ತಾರೆ. ಹಸಿಕಾಯಿಯಾಗಿ ಅದೇ ಊರಿನ ತಟ್ಟೆಗೆ ಬೀಳೋ ತೊಗರಿ ಯಾರ ಲೆಕ್ಕದಲ್ಲೂ ಇಲ್ಲ. ಭೀಮಾ ನದಿಯ ನೀರು ಸಿಕ್ಕ ಕಡೆಯಾದರೂ ಬೇಸಿಗೆಗೆ ತರಕಾರಿ ಬರಬಹುದಿತ್ತು; ಬಂದಿದ್ದು ಹೆಚ್ಚಾಗಿ ಕಬ್ಬು.

ದಾರಿ ಇಲ್ಲ ಅಂತಲ್ಲ. ತೊಗರಿ ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ತಾಡಪತ್ರಿ ಮೇಲೆ ಹುಳು ಬೀಳಿಸಿ ನಾಶ ಮಾಡೋ ಪದ್ಧತಿ ಕಲಬುರಗಿ ರೈತರದ್ದೇ. ಹೊಲ ಪೂರ್ತಿ ಹಾಗೆ ಮಾಡೋಕೆ ಆಳು ಸಾಲದೇ ಇರಬಹುದು. ಬದುವಿನ ಪಕ್ಕ ಗಾಳಿಗೆ ಔಷಧಿ ತಾಕದ ಕಡೆ ನಾಲ್ಕು ಸಾಲು ಮನೆಗೆ ಅಂತ ಬಿಟ್ಟುಕೊಂಡು, ಅಷ್ಟಕ್ಕೆ ಮಾಡಬಹುದಲ್ಲ? ಅದೇ ಸಾಲುಗಳಲ್ಲಿ ಒಂದಿಷ್ಟು ಅವರೆ, ಪುಂಡಿ, ಬದನೆ ಹಾಕಬಹುದು. ಉಳಿದ ಹೊಲಕ್ಕೆ ಔಷಧಿ ಹೊಡೆದಿದ್ದರೆ, ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಅಂಗಡಿಯವನನ್ನೇ ಕೇಳಿ. ಡಬ್ಬಿ ಜೊತೆಗಿನ ಚೀಟಿಯಲ್ಲೂ ನೋಡಿ.

ಪೇಟೆಯಲ್ಲಿ ಹಸಿ ತೊಗರಿಕಾಯಿ ಕೊಳ್ಳೋರೂ ಮಾರೋರನ್ನು ಇದೇ ಪ್ರಶ್ನೆ ಕೇಳಿ. ಇನ್ನು ಹೊಲ ಇರೋರು ನವೆಂಬರಿನಲ್ಲೇ ಔಷಧಿ ತಾಕದ ಕಡಲೆ ಸೊಪ್ಪನ್ನು ಒಂದಿಷ್ಟು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡಿ. ಹಿರಿಯರು ಮೇ ತಿಂಗಳ ಖಾಲಿ ಹೊಲವನ್ನು ದಾಟುತ್ತಿದ್ದದ್ದು ಆ ಒಣ ಪಲ್ಯದಲ್ಲೇ.