ಪೈಲಟ್ ಆಗಬೇಕೆ? ಸಾಲ ಮಾಡುವ ಮುನ್ನ ಕಣ್ಣು ಪರೀಕ್ಷಿಸಿ

ಎಡಪ್ಪಾಡಿ: ಓಮಲೂರು ಪಕ್ಕದ ಕಮಲಾಪುರದಲ್ಲಿರುವ ಸೇಲಂ ವಿಮಾನ ನಿಲ್ದಾಣದಲ್ಲಿ 2023ರ ಅಕ್ಟೋಬರ್‌ನಿಂದ ವಿಮಾನಗಳು ಮತ್ತೆ ಇಳಿಯತೊಡಗಿದವು. ತಲೆಯ ಮೇಲೆ ಹೋಗುವ ವಿಮಾನ ನೋಡಿ ಪ್ಲಸ್ ಟೂ ಓದುವ ಮಗನೋ ಮಗಳೋ "ನಾನೂ ಪೈಲಟ್ ಆಗುತ್ತೇನೆ" ಎಂದರೆ ಮಗ್ಗ ನಂಬಿ ಬದುಕುವ ತಂದೆ ತಾಯಿ ಏನು ಹೇಳಬೇಕು? "ಅದು ನಮ್ಮಂಥವರಿಗಲ್ಲ" ಎನ್ನುವುದೂ ತಪ್ಪು, "ದುಡ್ಡು ಕಟ್ಟಿದರೆ ಸಾಕು" ಎನ್ನುವುದೂ ತಪ್ಪು. ಈ ಕೆಲಸದಲ್ಲಿ ಅಂಕಗಳಿಗಿಂತ ಹೆಚ್ಚಾಗಿ ಲೆಕ್ಕಕ್ಕೆ ಬರುವುದು ದೇಹ, ದುಡ್ಡು, ಮಾತು ಮತ್ತು ನಿದ್ದೆ. ಒಂದೊಂದಾಗಿ ನೋಡೋಣ.

ಮೊದಲು ದೇಹ

ಪೈಲಟ್ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದು ಒಪ್ಪಿದ ವೈದ್ಯರ ಬಳಿ ಮೊದಲು ಎರಡನೇ ದರ್ಜೆಯ, ನಂತರ ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆ ಆಗಬೇಕು. ಕಣ್ಣು, ಕಿವಿ, ಹೃದಯ, ರಕ್ತ, ಮೂತ್ರ ಎಲ್ಲವನ್ನೂ ನೋಡುತ್ತಾರೆ. ಸಂಬಳಕ್ಕೆ ವಿಮಾನ ಹಾರಿಸಲು ಒಂದನೇ ದರ್ಜೆಯ ಪ್ರಮಾಣಪತ್ರ ಬೇಕೇ ಬೇಕು.

ಕನ್ನಡಕ ಇದ್ದರೆ ಆಗುವುದಿಲ್ಲ ಎಂಬುದು ತಪ್ಪು ತಿಳುವಳಿಕೆ. ಕನ್ನಡಕ ಹಾಕಿಕೊಂಡಾಗ ದೃಷ್ಟಿ ಸರಿಯಾಗಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಬಣ್ಣಗುರುಡು ಬೇರೆ ಮಾತು. ಕೆಂಪು, ಹಸಿರು ದೀಪಗಳನ್ನು ಗುರುತಿಸುವುದು ಪೈಲಟ್‌ಗೆ ಅಗತ್ಯ. ಈ ದೋಷ ಹೆಚ್ಚಾಗಿ ಹುಟ್ಟಿನಿಂದ ಬರುತ್ತದೆ, ಹುಡುಗರಲ್ಲೇ ಜಾಸ್ತಿ, ಔಷಧಿಯಿಂದ ವಾಸಿಯಾಗುವುದಿಲ್ಲ. ಕೆಂಪು ನೂಲು ಕೇಳಿದರೆ ಹಸಿರು ನೂಲು ಎತ್ತಿ ಕೊಡುವ ಹುಡುಗನನ್ನು ಬೈಯಬೇಡಿ, ಕಣ್ಣಿನ ವೈದ್ಯರಿಗೆ ತೋರಿಸಿ.

ಪರೀಕ್ಷೆ ಒಮ್ಮೆಗೇ ಮುಗಿಯುವುದಿಲ್ಲ. ಕೆಲಸ ಸಿಕ್ಕ ಮೇಲೂ ವರ್ಷಕ್ಕೊಮ್ಮೆ, 60 ದಾಟಿದರೆ ಆರು ತಿಂಗಳಿಗೊಮ್ಮೆ ಆಗಬೇಕು. ಸಕ್ಕರೆ, ರಕ್ತದೊತ್ತಡ ಹತೋಟಿ ತಪ್ಪಿದರೆ ಹಾರಾಟ ನಿಲ್ಲುತ್ತದೆ.

ದುಡ್ಡಿನ ಲೆಕ್ಕ

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆಗಳ ಹಾರಾಟ, ಜತೆಗೆ ದಿಕ್ಕು ದಾರಿ ಲೆಕ್ಕ, ಹವಾಮಾನ, ನಿಯಮಗಳು ಮುಂತಾದ ವಿಷಯಗಳಲ್ಲಿ ಪರೀಕ್ಷೆ. ಪ್ರತಿ ವಿಷಯದಲ್ಲೂ ನೂರಕ್ಕೆ 70 ಅಂಕ ಬರಬೇಕು. ಖರ್ಚು ಅರ್ಧ ಕೋಟಿ ರೂಪಾಯಿಯ ಆಸುಪಾಸು, ಕೆಲವೆಡೆ ಇನ್ನೂ ಹೆಚ್ಚು. ಅದಾದ ಮೇಲೆ ಏರ್‌ಬಸ್, ಬೋಯಿಂಗ್ ಮುಂತಾದ ದೊಡ್ಡ ವಿಮಾನವನ್ನು ಹಾರಿಸಲು ಬೇರೆ ತರಬೇತಿ. ಅದಕ್ಕೂ ಲಕ್ಷಗಟ್ಟಲೆ ಬೇಕು.

ಇಲ್ಲಿ ಅನೇಕರು ಮರೆಯುವ ಒಂದು ವಿಷಯವಿದೆ. ಮಳೆ, ಮೋಡ, ಮಂಜು ಇದ್ದರೆ ತರಬೇತಿ ವಿಮಾನ ಏರುವುದಿಲ್ಲ. ವಿಮಾನ ರಿಪೇರಿಗೆ ನಿಂತರೆ, ಕಲಿಸುವವರು ಬಿಟ್ಟುಹೋದರೆ ಕಾಯಬೇಕು. ಒಂದು ವರ್ಷ ಎಂದುಕೊಂಡದ್ದು ಎರಡು ವರ್ಷವಾದರೆ ಊಟ, ವಸತಿ, ಬಡ್ಡಿ ಎಲ್ಲವೂ ಏರುತ್ತವೆ. ಹಾಗಾಗಿ ಸೇರುವ ಮುನ್ನ ಶಾಲೆಯಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ಹಿಂದಿನ ತಂಡಕ್ಕೆ 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು ಎಂದು ಕೇಳಿ. 2025ರಲ್ಲಿ ಡಿಜಿಸಿಎ ಹಾರಾಟ ಶಾಲೆಗಳಿಗೆ ದರ್ಜೆ ಕೊಟ್ಟು ಪಟ್ಟಿ ಪ್ರಕಟಿಸಿತು, ಅದನ್ನೂ ನೋಡಿ. ಪೂರ್ತಿ ಹಣವನ್ನು ಒಂದೇ ಸಲ ಕಟ್ಟಬೇಡಿ, ಹಾರಿದಷ್ಟಕ್ಕೆ ಕಂತಿನಲ್ಲಿ ಕಟ್ಟುವಂತೆ ಕೇಳಿ.

ಕಂಪನಿ ಮುಚ್ಚಿದರೆ?

2020ರಲ್ಲಿ ಬಂದ ತಮಿಳು ಚಿತ್ರ 'ಸೂರರೈ ಪೋಟ್ರು' ನೀವು ನೋಡಿರಬಹುದು. ಅದಕ್ಕೆ ಪ್ರೇರಣೆ ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಸೈನ್ಯ ಬಿಟ್ಟು ಬೇಸಾಯ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಕಡಿಮೆ ದರದಲ್ಲಿ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದವರು. ಆ ಕಂಪನಿ ನಂತರ ಕಿಂಗ್‌ಫಿಷರ್ ಕೈಗೆ ಹೋಯಿತು. ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತವು.

ನಮ್ಮ ಸೇಲಂ ನಿಲ್ದಾಣದ ಕತೆಯೂ ಹೀಗೆಯೇ. 2009ರಲ್ಲಿ ಬಂದ ಕಿಂಗ್‌ಫಿಷರ್ 2011ರಲ್ಲಿ ಹೋಯಿತು. 2018ರಲ್ಲಿ ಟ್ರೂಜೆಟ್ ಬಂತು, ಅದೂ ನಿಂತಿತು. ಒಂದು ಕಂಪನಿ ಬಿದ್ದಾಗ ನೂರಾರು ಪೈಲಟ್‌ಗಳು ಒಮ್ಮೆಲೇ ಕೆಲಸ ಹುಡುಕುತ್ತಾರೆ, ಹೊಸದಾಗಿ ಲೈಸೆನ್ಸ್ ಪಡೆದವರು ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಸಾಲದ ಕಂತು ಮಾತ್ರ ಕಾಯುವುದಿಲ್ಲ. ಕೆಲಸವಿಲ್ಲದೆ ಎರಡು ವರ್ಷ ಕಳೆದರೂ ಕಂತು ಕಟ್ಟಲು ಸಾಧ್ಯವೇ ಎಂದು ಮನೆಮಂದಿ ಕೂತು ಲೆಕ್ಕ ಹಾಕಬೇಕು.

ಮೂರನೇ ಭಾಷೆ

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಮೂರನೆಯದು. ವಿಮಾನದ ರೇಡಿಯೋದಲ್ಲಿ ಬೇಕಾಗುವುದು ವ್ಯಾಕರಣ ಪಾಂಡಿತ್ಯವಲ್ಲ. ಕೇಳಿದ್ದನ್ನು ಸರಿಯಾಗಿ ತಿಳಿದು, ಅದನ್ನೇ ತಿರುಗಿ ಒಪ್ಪಿಸಿ, ಅರ್ಥವಾಗದಿದ್ದರೆ ನಾಚಿಕೆಪಡದೆ "ಇನ್ನೊಮ್ಮೆ ಹೇಳಿ" ಎನ್ನುವುದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಬಳಿ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಜನ ಸತ್ತರು. ಒಂದು ವಿಮಾನ ತನಗೆ ಗೊತ್ತುಮಾಡಿದ 15,000 ಅಡಿ ಎತ್ತರದಿಂದ ಕೆಳಗಿಳಿದಿತ್ತು. ಅದರ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಬಾರದಿದ್ದುದೂ ವಿಚಾರಣೆಯಲ್ಲಿ ಚರ್ಚೆಯಾಯಿತು. ಎರಡು ಭಾಷೆಯ ನಡುವೆ ಬೆಳೆದ ಮಕ್ಕಳಿಗೆ ಮೂರನೆಯದನ್ನು ಕಲಿಯುವುದು ಕಷ್ಟವಲ್ಲ, ಆದರೆ ದಿನವೂ ಬಾಯಿಬಿಟ್ಟು ಮಾತಾಡಿ ಕಲಿಯಬೇಕು.

ನಿದ್ದೆ ಮತ್ತು ಎದುರು ಮಾತು

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ಸತ್ತರು. ದಾರಿಯಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಮಾಡಿದ್ದರು, ಎದ್ದ ಮೇಲೆ ಮಂಪರು ಪೂರ್ತಿ ಬಿಟ್ಟಿರಲಿಲ್ಲ ಎಂದು ವಿಚಾರಣೆ ಹೇಳಿತು. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮೇಲೇರೋಣ ಎಂದು ಸಹ ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿಯೇಬಿಟ್ಟರು.

ಇದರಲ್ಲಿ ನಮ್ಮ ಮನೆಗಳಿಗೂ ಒಂದು ಪಾಠವಿದೆ. ದೊಡ್ಡವರಿಗೆ ಎದುರಾಡಬಾರದು ಎಂದು ಮಕ್ಕಳನ್ನು ಬೆಳೆಸುತ್ತೇವೆ. ಕಾಕ್‌ಪಿಟ್‌ನಲ್ಲಿ ಹಿರಿಯರು ತಪ್ಪಿದಾಗ ಕಿರಿಯರು ಗಟ್ಟಿಯಾಗಿ ಹೇಳಲೇಬೇಕು, ಹಿರಿಯರು ಕೇಳಲೇಬೇಕು. ವಿಮಾನ ಕಂಪನಿಗಳು ಇದಕ್ಕೆಂದೇ ತರಬೇತಿ ಕೊಡುತ್ತವೆ.

ಪೈಲಟ್‌ಗೆ ಹಗಲು ರಾತ್ರಿ ಒಂದೇ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ ನಿಯಮವನ್ನು ಡಿಜಿಸಿಎ 2024ರ ಜನವರಿಯಲ್ಲಿ ಪ್ರಕಟಿಸಿತು. ಹಾರಾಟಕ್ಕೆ ಮುಂಚಿನ 12 ಗಂಟೆ ಮದ್ಯ ಮುಟ್ಟುವಂತಿಲ್ಲ, ಉಸಿರು ಪರೀಕ್ಷೆ ಇರುತ್ತದೆ. ಚೌಡೇಶ್ವರಿ ಅಮ್ಮನ ಹಬ್ಬಕ್ಕೆ, ತಂಗಿಯ ಮದುವೆಗೆ ರಜೆ ಸಿಗದೆ ಹೋಗಬಹುದು. ಮನೆಯವರು ಇದನ್ನು ಮೊದಲೇ ತಿಳಿದಿರಬೇಕು.

ಬೇರೆ ದಾರಿಗಳು

ಕಾಕ್‌ಪಿಟ್ ಒಂದೇ ವಿಮಾನಯಾನವಲ್ಲ. ಪವರ್‌ಲೂಮ್ ಕೆಟ್ಟರೆ ತಾನೇ ಬಿಚ್ಚಿ ಸರಿಮಾಡುವ ಹುಡುಗ, ಹುಡುಗಿಗೆ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್ ಒಳ್ಳೆಯ ದಾರಿ. ಖರ್ಚು ಪೈಲಟ್ ತರಬೇತಿಗಿಂತ ಬಹಳ ಕಡಿಮೆ. ಫಿಸಿಕ್ಸ್, ಮ್ಯಾಥ್ಸ್ ಜತೆ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಓದಿದವರು ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆದು ವಾಯು ಸಂಚಾರ ನಿಯಂತ್ರಕರಾಗಬಹುದು. ಅಲ್ಲೂ ರಾತ್ರಿ ಪಾಳಿ, ವೈದ್ಯಕೀಯ ಪರೀಕ್ಷೆ ಇವೆ. ಆದರೆ ಆಯ್ಕೆಯಾದ ಮೇಲೆ ತರಬೇತಿ ಪ್ರಾಧಿಕಾರದ್ದೇ.

ಹೆಣ್ಣುಮಕ್ಕಳೂ ಹಿಂಜರಿಯಬೇಕಿಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿಯಲ್ಲಿ ಏರ್ ಇಂಡಿಯಾ ವಿಮಾನವನ್ನು ಬೆಂಗಳೂರಿಗೆ ತಂದಿಳಿಸಿದ ಪೈಲಟ್‌ಗಳೆಲ್ಲರೂ ಮಹಿಳೆಯರೇ.

ಯಾವುದು ಮೊದಲು?

ಮೊದಲು ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುವ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ. ಅದರಲ್ಲಿ ಪಾಸಾದರೆ, ದೊಡ್ಡ ಮೊತ್ತ ಕಟ್ಟುವ ಮುನ್ನವೇ ಒಂದನೇ ದರ್ಜೆಯದು. ನಂತರ ಮನೆಯಲ್ಲೇ ಓದಿ ಡಿಜಿಸಿಎ ಪರೀಕ್ಷೆಯ ಒಂದೆರಡು ವಿಷಯ ಪಾಸು ಮಾಡಿಕೊಳ್ಳುವುದು. ಆಮೇಲೆ ಶಾಲೆ ನೋಡಿ ಬರುವುದು. ಕೊನೆಗೆ ಬ್ಯಾಂಕು. ಅನೇಕ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ: ಮೊದಲು ಹೊಲದ ಪತ್ರ ಅಡ ಇಡುತ್ತಾರೆ, ಕೊನೆಗೆ ಕಣ್ಣು ತೋರಿಸುತ್ತಾರೆ. ಅಷ್ಟರಲ್ಲಿ ಹಣ ಕೈ ಬಿಟ್ಟಿರುತ್ತದೆ.